ಕಿಯೋಮಿಜುವಿನ ರಂಗದಿಂದ ಹಾರಿದವರು

ಚಳಿಗಾಲದ ಬೆಳಗಿನ 6 ಗಂಟೆ. ಕ್ಯೋಟೊ ನಗರದ ಪೂರ್ವಕ್ಕಿರುವ ಒತೊವಾ ಬೆಟ್ಟ ಇನ್ನೂ ಕಪ್ಪು ಕಂಬಳಿ ಹೊದ್ದು ಮಲಗಿದೆ. ಬೆಟ್ಟಕ್ಕೆ ಏರುವ ಬೀದಿಯ ಎರಡೂ ಬದಿಯ ಅಂಗಡಿಗಳ ಬಾಗಿಲು ಮುಚ್ಚಿವೆ. ಮೂರ್ನಾಲ್ಕು ಗಂಟೆ ಕಳೆದರೆ ಇಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಕಿಯೋಮಿಜು ಪಿಂಗಾಣಿಯ ಬಟ್ಟಲುಗಳು ಅಂಗಡಿಗಳ ಮುಂದೆ ಸಾಲುಗಟ್ಟುತ್ತವೆ. ಅಕ್ಕಿಹಿಟ್ಟಿಗೆ ಸಕ್ಕರೆ, ದಾಲ್ಚಿನ್ನಿ ಬೆರೆಸಿ ಮಾಡುವ ಯತ್ಸುಹಾಶಿಯ ಘಮ ದಾರಿಹೋಕರನ್ನು ತಡೆದು ನಿಲ್ಲಿಸುತ್ತದೆ. ಬಾಡಿಗೆಗೆ ತಂದ ಕಿಮೋನೊ ಉಟ್ಟ ಹುಡುಗಿಯರು ಒಬ್ಬರ ಚಿತ್ರ ಒಬ್ಬರು ತೆಗೆಯುತ್ತ ಮೆಟ್ಟಿಲು ಏರುತ್ತಾರೆ. ಈ ಹೊತ್ತಿನಲ್ಲಿ ಮಾತ್ರ ಬೀದಿ ತನ್ನಷ್ಟಕ್ಕೆ ತಾನಿದೆ.

ಬೀದಿ ಮುಗಿದಲ್ಲಿ ಕಿಯೋಮಿಜು ದೇವಾಲಯದ ಕೆಂಬಣ್ಣದ ನಿಯೋಮೊನ್ ದ್ವಾರ. ಅದನ್ನು ದಾಟಿದರೆ ಮೂರಂತಸ್ತಿನ ಗೋಪುರ, ಅದರಾಚೆ ಮುಖ್ಯ ದೇಗುಲ. ದೇಗುಲದ ಒಳಗಿನ ಕತ್ತಲೆಯನ್ನು ಎಡಕ್ಕೆ ಬಿಟ್ಟು ಎರಡು ಹೆಜ್ಜೆ ಮುಂದಿಟ್ಟರೆ ತಟ್ಟನೆ ಆಕಾಶ ತೆರೆದುಕೊಳ್ಳುತ್ತದೆ. ಕಾಲ ಕೆಳಗೆ ಮಳೆಬಿಸಿಲಿಗೆ ಒಡ್ಡಿಕೊಂಡ ಮರದ ಹಲಗೆ, ಎದುರಿಗೆ ಎದೆಮಟ್ಟಕ್ಕಿಂತ ತಗ್ಗಿನ ಕಟಾಂಜನ, ಅದರಾಚೆ ಏನೂ ಇಲ್ಲ. ಮರಗಳ ತಲೆಗಳು ಕೆಳಗಿವೆ. ಅವುಗಳ ಮೇಲೆ ಮಂಜು ಹಾಲಿನ ಕೆನೆಯಂತೆ ಕಟ್ಟಿದೆ. ಕಣಿವೆಯ ಆಚೆ ದಡದಲ್ಲಿ, ಹೆರಿಗೆ ಸುಸೂತ್ರವಾಗಲೆಂದು ಹೆಂಗಸರು ಹರಸಿಕೊಳ್ಳುವ ಕೊಯಾಸು ಗೋಪುರ ಹಸಿರಿನ ನಡುವೆ ತಲೆ ಎತ್ತಿದೆ. ದೂರದಲ್ಲಿ ಕ್ಯೋಟೊ ನಗರದ ದೀಪಗಳು ಒಂದೊಂದಾಗಿ ಆರುತ್ತಿವೆ.

ಕಟಾಂಜನ ಹಿಡಿದು ಬಗ್ಗಿ ನೋಡಿದರೆ ನೆಲ 13 ಮೀಟರ್ ಕೆಳಗೆ. ನಾಲ್ಕು ಮಹಡಿಯ ಮನೆಯ ಎತ್ತರ. ಗೊತ್ತಿಲ್ಲದೆಯೇ ಕೈ ಬಿಗಿಯುತ್ತದೆ, ಒಂದು ಹೆಜ್ಜೆ ಹಿಂದೆ ಸರಿಯುವಂತಾಗುತ್ತದೆ. ಜಪಾನಿಯರ ಒಂದು ಮಾತು ಹುಟ್ಟಿದ್ದು ಇಲ್ಲಿ, ಈ ಹಲಗೆಯ ಅಂಚಿನಲ್ಲಿ.

‘ಕಿಯೋಮಿಜು ನೋ ಬುತಾಯಿ ಕಾರಾ ತೊಬಿಒರಿರು’ ಎಂಬುದು ಆ ಮಾತು. ಕನ್ನಡದ ಕಿವಿಗೆ ಇದು ಅಪರಿಚಿತ, ಆದರೆ ಅದರ ಕಟ್ಟು ನಮಗೆ ಅಚ್ಚರಿಯಾಗುವಷ್ಟು ಹತ್ತಿರದ್ದು. ‘ನೋ’ ಎಂದರೆ ನಮ್ಮ ‘ಅ’ ಅಥವಾ ‘ಇನ’, ‘ಬುತಾಯಿ’ ಎಂದರೆ ರಂಗ, ‘ಕಾರಾ’ ಎಂದರೆ ‘ಇಂದ’, ‘ತೊಬಿ’ ಎಂದರೆ ‘ಹಾರಿ’, ‘ಒರಿರು’ ಎಂದರೆ ‘ಇಳಿ’. ಪದಕ್ಕೆ ಪದ ಇಟ್ಟರೆ, ಒಂದನ್ನೂ ಆಚೀಚೆ ಸರಿಸದೆ, ‘ಕಿಯೋಮಿಜುವಿನ ರಂಗದಿಂದ ಹಾರಿ ಇಳಿ’ ಎಂದಾಗುತ್ತದೆ. ನಾಮಪದದ ಹಿಂದೆಯೇ ವಿಭಕ್ತಿ, ಕೊನೆಯಲ್ಲಿ ಕ್ರಿಯಾಪದ. ಸಾವಿರಾರು ಮೈಲಿ ದೂರದ ಈ ಮಾತು ನಮ್ಮ ಮಾತಿನ ಹೆಜ್ಜೆಯಲ್ಲೇ ನಡೆದು ಬರುತ್ತದೆ.

ಈಗ ಈ ಮಾತು ಕೇಳಿಬರುವುದು ಬೆಟ್ಟದ ಮೇಲಲ್ಲ, ಊರ ನಡುವೆ. ಆಭರಣದ ಅಂಗಡಿಯಲ್ಲಿ ಬಹಳ ಹೊತ್ತು ನಿಂತು, ಬೆಲೆಯ ಚೀಟಿಯನ್ನು ಮತ್ತೆ ಮತ್ತೆ ನೋಡಿ, ಕೊನೆಗೆ ಒಂದು ಉಂಗುರ ಕೊಂಡ ಹೆಂಗಸು ಮನೆಗೆ ಬಂದು ಗಂಡನಿಗೆ ಹೇಳುವ ಮಾತು ಅದು: ‘ಕಿಯೋಮಿಜುವಿನ ರಂಗದಿಂದ ಹಾರಿದೆ ಅಂದುಕೊಂಡು ಕೊಂಡುಬಿಟ್ಟೆ.’ ಹತ್ತಾರು ವರ್ಷ ದುಡಿದ ಕೆಲಸ ಬಿಟ್ಟು ಸ್ವಂತ ಹೋಟೆಲು ತೆರೆಯುವವನು ಹಾಗನ್ನುತ್ತಾನೆ. ಇಪ್ಪತ್ತು ಮೂವತ್ತು ವರ್ಷದ ಸಾಲ ಹೊತ್ತು ಮನೆ ಕೊಳ್ಳುವವರು ಹಾಗನ್ನುತ್ತಾರೆ. ಮನಸ್ಸಿನಲ್ಲಿದ್ದ ಪ್ರೀತಿಯನ್ನು ಕೊನೆಗೂ ಹೇಳಿಬಿಟ್ಟ ಹುಡುಗನೂ ಹಾಗೆಯೇ. ಗಟ್ಟಿ ಮನಸ್ಸು ಮಾಡಿದೆ, ಇನ್ನು ಹಿಂದೆ ತಿರುಗಿ ನೋಡುವುದಿಲ್ಲ ಎಂಬುದು ಇಂದಿನ ಅರ್ಥ. ಕೇಳಿದವರು ನಗುತ್ತಾರೆ, ಹೇಳಿದವರೂ ನಗುತ್ತಾರೆ.

ಆದರೆ ಈ ಮಾತಿನ ಬುಡದಲ್ಲಿ ನಗುವಿಲ್ಲ. ಅಲ್ಲಿ ಇರುವುದು ನಿಜವಾಗಿ ಹಾರಿದ ಜನ. ಅವರನ್ನು ಕಾಣಬೇಕಾದರೆ ಈ ರಂಗ ಯಾಕೆ ಇಲ್ಲಿದೆ, ಯಾರ ಎದುರಿಗಿದೆ ಎಂಬುದನ್ನು ಮೊದಲು ನೋಡಬೇಕು.

ಕಿಯೋಮಿಜು ಎಂದರೆ ತಿಳಿನೀರು. ಈ ಕ್ಷೇತ್ರದ ಮೊದಲ ದೇವರು ನೀರೇ ಎನ್ನಬೇಕು. ರಂಗದ ಕೆಳಗೆ, ಕಲ್ಲಿನ ಮೆಟ್ಟಿಲು ಇಳಿದು ಹೋದರೆ ಒತೊವಾ ಚಿಲುಮೆ ಮೂರು ಧಾರೆಯಾಗಿ ಕಲ್ಲಿನ ಮೇಲಿಂದ ಬೀಳುತ್ತದೆ. ಜನ ಸಾಲಿನಲ್ಲಿ ನಿಂತು, ಉದ್ದ ಹಿಡಿಯ ಸೌಟು ಚಾಚಿ ನೀರು ಹಿಡಿದು ಕುಡಿಯುತ್ತಾರೆ. ದೇವಾಲಯದ ಐತಿಹ್ಯ ಶುರುವಾಗುವುದೂ ಈ ನೀರಿನಿಂದಲೇ. ನಾರಾ ಪ್ರಾಂತದ ಕೆನ್‌ಶಿನ್ ಎಂಬ ಭಿಕ್ಷುವಿಗೆ, ಉತ್ತರಕ್ಕೆ ಹೋಗು, ತಿಳಿನೀರಿನ ಊಟೆಯೊಂದನ್ನು ಹುಡುಕು ಎಂದು ಕನಸಾಯಿತು. ಅವನು ಕಾಡು ಹೊಕ್ಕು ನಡೆದು, ಈ ಧಾರೆಯ ಬಳಿ ಒಬ್ಬ ಮುದಿ ತಪಸ್ವಿಯನ್ನು ಕಂಡ. ತಪಸ್ವಿ ಅವನ ಕೈಗೆ ಪವಿತ್ರವಾದ ಮರದ ತುಂಡೊಂದನ್ನು ಕೊಟ್ಟು, ಇದರಲ್ಲಿ ಕನ್ನೊನ್ ಎಂಬ ದೇವತೆಯ ಮೂರ್ತಿಯನ್ನು ಕೆತ್ತು ಎಂದು ಹೇಳಿ ಹೊರಟುಹೋದ. ಅದು 778ನೇ ಇಸವಿ. ಕ್ಯೋಟೊ ರಾಜಧಾನಿಯಾಗುವುದಕ್ಕೆ ಇನ್ನೂ 16 ವರ್ಷ ಇತ್ತು.

ಎರಡು ವರ್ಷದ ನಂತರ ಇದೇ ಕಾಡಿಗೆ ಸಕನೌಎ ನೋ ತಮುರಮಾರೊ ಎಂಬ ಯೋಧ ಜಿಂಕೆ ಬೇಟೆಗೆ ಬಂದ. ಅವನ ಹೆಂಡತಿ ತುಂಬು ಬಸುರಿ. ಅವಳ ಹೆರಿಗೆ ಸಲೀಸಾಗಲೆಂದು ಜಿಂಕೆಯನ್ನು ಕೊಂದು ಒಯ್ಯುವುದು ಅವನ ಉದ್ದೇಶ. ಒಂದು ಜೀವ ಬರಲೆಂದು ಇನ್ನೊಂದು ಜೀವ ತೆಗೆಯುವುದು ಸರಿಯೇ ಎಂದು ಭಿಕ್ಷು ತಿಳಿಹೇಳಿದ. ಯೋಧ ಮನೆಗೆ ಮರಳಿ ಹೆಂಡತಿಗೆ ಎಲ್ಲವನ್ನೂ ಹೇಳಿದ. ಗಂಡ ಹೆಂಡತಿ ಇಬ್ಬರೂ ಕೂಡಿ ಕನ್ನೊನ್‌ಗೆ ಗುಡಿ ಕಟ್ಟಿಸಲು ನೆರವಾದರು. ಒಂದು ಜೀವದ ಮೇಲಿನ ಕರುಣೆಯಿಂದ ಎದ್ದ ಗುಡಿ ಇದು ಎಂಬುದನ್ನು ನೆನಪಿಟ್ಟುಕೊಳ್ಳಬೇಕು. ಮುಂದೆ ಬರುವ ಕಥೆಗೆ ಇದು ಬೇಕಾಗುತ್ತದೆ.

ಗುಡಿ ಹತ್ತಕ್ಕೂ ಹೆಚ್ಚು ಸಲ ಬೆಂಕಿಗೆ ಬಿದ್ದಿತು, ಪ್ರತಿ ಸಲವೂ ಮತ್ತೆ ಎದ್ದಿತು. 1629ರಲ್ಲಿ ಸುಟ್ಟುಹೋದದ್ದನ್ನು ಆಗ ನಾಡನ್ನು ಆಳುತ್ತಿದ್ದ ಮೂರನೆಯ ತೊಕುಗಾವಾ ಶೋಗನ್ ಇಎಮಿತ್ಸು ಕಟ್ಟಿಸಿಕೊಟ್ಟ. 1633ರಲ್ಲಿ ಮುಗಿದ ಆ ಕಟ್ಟಡವೇ ಇಂದು ಕಾಣುವುದು.

ಚಿಲುಮೆಯ ಬಳಿ ನಿಂತು ತಲೆ ಎತ್ತಿದರೆ ರಂಗದ ನಿಜವಾದ ದೇಹ ಕಾಣುತ್ತದೆ. ಮೇಲೆ ನಿಂತಾಗ ಅದು ಬರಿಯ ಅಂಗಳ, ಕೆಳಗಿನಿಂದ ಅದು ಕಾಡು. 18 ಕಂಬಗಳು ಬೆಟ್ಟದ ಇಳಿಜಾರಿನಿಂದ ಎದ್ದು ಆ ಅಂಗಳವನ್ನು ಹೊತ್ತಿವೆ. ಎಲ್ಲವೂ ಕೆಯಾಕಿ ಮರದವು. ಕಡಿಯುವ ಹೊತ್ತಿಗೇ ಆ ಮರಗಳಿಗೆ 400 ವರ್ಷ ದಾಟಿತ್ತು ಎನ್ನುತ್ತಾರೆ. ದಪ್ಪನೆಯ ಕಂಬಕ್ಕೆ ತೂತು ಕೊರೆದು, ಅದರೊಳಗಿಂದ ಅಡ್ಡತೊಲೆ ತೂರಿಸಿ, ಸಂದಿಗೆ ಬೆಣೆ ಬಡಿದು ಬಿಗಿ ಮಾಡಿದ್ದಾರೆ. ಈ ಚೌಕಟ್ಟಿಗೆ ಮೊಳೆಯ ಹಂಗಿಲ್ಲ. ಭೂಮಿ ನಡುಗಿದಾಗ ತೊಲೆಯೂ ಕಂಬವೂ ಒಂದಿಷ್ಟು ಅಲುಗಾಡಿ, ನಡುಕವನ್ನು ತಮ್ಮಲ್ಲೇ ಹಂಚಿಕೊಂಡು ಮತ್ತೆ ನೆಲೆಗೊಳ್ಳುತ್ತವೆ. ಹೊರಗೆ ಚಾಚಿದ ತೊಲೆಯ ತುದಿಗಳಿಗೆ ಮಳೆನೀರು ಇಳಿಯದಿರಲೆಂದು ಪುಟ್ಟ ಪುಟ್ಟ ಮರದ ಸೂರು ಇಟ್ಟಿದ್ದಾರೆ. ಬೆಟ್ಟದ ಅಂಚಿಗೆ ಹೀಗೆ ಜೋತುಹಾಕಿದಂತೆ ಕಟ್ಟುವ ಪದ್ಧತಿಗೆ ಜಪಾನಿಯರು ‘ಕಾಕೆಜುಕುರಿ’ ಎನ್ನುತ್ತಾರೆ.

ಮೇಲಿನ ಅಂಗಳಕ್ಕೆ ಹಿನೋಕಿ ಎಂಬ ಸೈಪ್ರಸ್ ಜಾತಿಯ ಮರದ 410ಕ್ಕೂ ಹೆಚ್ಚು ಹಲಗೆಗಳನ್ನು ಹಾಸಿದ್ದಾರೆ. ಇದರ ವಿಸ್ತಾರ ಸುಮಾರು 190 ಚದರ ಮೀಟರ್. ‘ಬುತಾಯಿ’ ಎಂದು, ರಂಗವೆಂದು ಇದನ್ನು ಕರೆಯುವುದು ಅಲಂಕಾರಕ್ಕಲ್ಲ. ಇದು ನಿಜವಾಗಿಯೂ ರಂಗವೇ. ಎಡಬಲದಲ್ಲಿ ವಾದ್ಯದವರು ಕೂರುವ ಪಡಸಾಲೆಗಳಿವೆ. ಆಸ್ಥಾನದ ಬುಗಾಕು ಕುಣಿತ, ನೋ ನಾಟಕ ಇಲ್ಲಿ ಸೇವೆಯಾಗಿ ನಡೆಯುತ್ತಿದ್ದವು. ಆದರೆ ಈ ರಂಗಕ್ಕೆ ನೋಡುಗರು ಕಣಿವೆಯ ಕಡೆ ಇಲ್ಲ. ಕುಣಿಯುವವರು ಕಣಿವೆಗೆ ಬೆನ್ನು ಹಾಕಿ, ಗರ್ಭಗುಡಿಗೆ ಮುಖ ಮಾಡಿ ಕುಣಿಯುತ್ತಿದ್ದರು. ನಮ್ಮ ಹಳೆಯ ಗುಡಿಗಳ ನವರಂಗದಲ್ಲಿ ದೇವರ ಎದುರು ರಂಗಸೇವೆ ನಡೆಯುತ್ತಿದ್ದುದನ್ನು ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆ ನೋಡುಗ ಕನ್ನೊನ್. ಹೊರಗಿನ ಬೆಳಕಿನಿಂದ ಒಳಗೆ ಕಣ್ಣು ಹಾಯಿಸಿದರೆ ಮೊದಲು ಕತ್ತಲೆಯೇ ಕಾಣುತ್ತದೆ. ನಿಧಾನವಾಗಿ ಹಣತೆಯ ಬೆಳಕು, ಊದುಬತ್ತಿಯ ಹೊಗೆ, ಹೊನ್ನಿನ ಮಿಣುಕು ಗೋಚರಿಸುತ್ತವೆ. ಹನ್ನೊಂದು ಮುಖ, ಸಾವಿರ ಕೈಯ ಮೂಲಮೂರ್ತಿ ಮಾತ್ರ ಮುಚ್ಚಿದ ಮಂಟಪದೊಳಗಿದೆ. 33 ವರ್ಷಕ್ಕೊಮ್ಮೆ ಮಾತ್ರ ಅದರ ಬಾಗಿಲು ತೆರೆಯುವುದು ವಾಡಿಕೆ. 33 ಯಾಕೆಂದರೆ ಕನ್ನೊನ್ ಕಷ್ಟದಲ್ಲಿರುವವರ ಬಳಿಗೆ 33 ರೂಪದಲ್ಲಿ ಬರುವ ದೇವತೆ ಎಂದು ನಂಬಿಕೆ. ಪಶ್ಚಿಮ ಜಪಾನಿನ 33 ಕನ್ನೊನ್ ಕ್ಷೇತ್ರಗಳ ಯಾತ್ರೆಯಲ್ಲಿ ಕಿಯೋಮಿಜು 16ನೆಯದು.

ಕನ್ನೊನ್ ನಮಗೆ ಹೊಸಬರಲ್ಲ. ಅವಲೋಕಿತೇಶ್ವರನೇ ಚೀನಾಕ್ಕೆ ಹೋಗಿ ಗುವಾನ್‌ಯಿನ್ ಆಗಿ, ಜಪಾನಿಗೆ ಬಂದು ಕನ್ನೊನ್ ಆದದ್ದು. ಆ ಹೆಸರನ್ನು ಬರೆಯುವ ಎರಡು ಅಕ್ಷರಗಳ ಅರ್ಥ ‘ದನಿಯನ್ನು ಕಾಣುವವರು’ ಎಂದು. ಲೋಕದ ಮೊರೆ ಎಲ್ಲಿಂದ ಬಂದರೂ ಅದನ್ನು ಕಣ್ಣಾರೆ ಕಂಡಂತೆ ತಿಳಿಯುವ ದೇವತೆ. ನಮ್ಮ ಮಂಗಳೂರಿನ ಕದ್ರಿ ಮಂಜುನಾಥ ದೇವಾಲಯದಲ್ಲಿ ಮೂರು ಮುಖ, ಆರು ಕೈಯ ಕಂಚಿನ ಲೋಕೇಶ್ವರ ಮೂರ್ತಿಯೊಂದಿದೆ. ಆಳುಪ ದೊರೆ ಕುಂದವರ್ಮ 968ರಲ್ಲಿ ಅದನ್ನು ಕದರಿಕಾ ವಿಹಾರದಲ್ಲಿ ನಿಲ್ಲಿಸಿದನೆಂದು ಪೀಠದ ಶಾಸನ ಹೇಳುತ್ತದೆ. ಆ ಲೋಕೇಶ್ವರನೂ ಕಿಯೋಮಿಜುವಿನ ಕನ್ನೊನ್ನೂ ಒಂದೇ ಮೂಲದವರು. ಕಡಲ ತೀರದ ಕದ್ರಿಯಲ್ಲಿ ಕೈಮುಗಿದವರೂ ಕ್ಯೋಟೊದ ಬೆಟ್ಟದಲ್ಲಿ ಕೈಮುಗಿದವರೂ ಒಬ್ಬರಿಗೇ ಮೊರೆಯಿಟ್ಟಿದ್ದರು.

ರಂಗದಿಂದ ಹಾರಿದವರ ಎದೆಯೊಳಗೆ ಏನಿತ್ತು ಎಂಬುದಕ್ಕೆ ಸುಳಿವು ಸಿಗುವುದೂ ಇಲ್ಲಿಯೇ. ಕುಮಾರಜೀವ ಎಂಬ ಭಿಕ್ಷು 406ರಲ್ಲಿ ಚೀನೀ ಭಾಷೆಗೆ ತಂದ ಸದ್ಧರ್ಮಪುಂಡರೀಕ ಸೂತ್ರದಲ್ಲಿ ಕನ್ನೊನ್‌ಗೆಂದೇ ಒಂದು ಅಧ್ಯಾಯವಿದೆ. ಜಪಾನಿನ ಅನೇಕ ಬೌದ್ಧರು ಪಠಿಸುವ ಭಾಗ ಅದು. ಬೆಂಕಿಯಲ್ಲಿ ಬಿದ್ದವರು, ಕಡಲಲ್ಲಿ ಸಿಕ್ಕಿದವರು, ಕಳ್ಳರ ಕತ್ತಿಗೆ ಎದುರಾದವರು ಕನ್ನೊನ್‌ನನ್ನು ನೆನೆದು ಹೇಗೆ ಪಾರಾಗುತ್ತಾರೆಂದು ಅದು ಒಂದೊಂದಾಗಿ ಹೇಳುತ್ತದೆ. ಅವುಗಳ ನಡುವೆ ಎತ್ತರದಿಂದ ಬೀಳುವವನ ಮಾತೂ ಬರುತ್ತದೆ. ಸುಮೇರು ಪರ್ವತದ ತುದಿಯಿಂದ ಯಾರಾದರೂ ತಳ್ಳಿದರೂ, ಕನ್ನೊನ್‌ನನ್ನು ನೆನೆದವನು ಸೂರ್ಯನಂತೆ ಆಕಾಶದಲ್ಲೇ ನಿಲ್ಲುತ್ತಾನೆ ಎಂಬ ಅಭಯ ಅಲ್ಲಿದೆ. ನಮ್ಮ ಮೇರುವೇ ಆ ಸುಮೇರು. ಈ ಅಭಯವನ್ನು ಚಿಕ್ಕಂದಿನಿಂದ ಕೇಳುತ್ತ ಬೆಳೆದವರ ಕಣ್ಣೆದುರು ಕನ್ನೊನ್‌ನ ಗುಡಿಯೇ ಎತ್ತರದ ಅಂಚಿನಲ್ಲಿ ನಿಂತಿದೆ. ಅಂಚಿಗೂ ಅಭಯಕ್ಕೂ ನಂಟು ಬೆಳೆದದ್ದರಲ್ಲಿ ಆಶ್ಚರ್ಯವೇನಿಲ್ಲ.

ಹಳೆಯ ಕಥೆಗಳಲ್ಲಿ ಮೊದಲ ಹಾರಾಟ ಹರಕೆಯದಲ್ಲ, ಪ್ರಾಣ ಉಳಿಸಿಕೊಳ್ಳುವುದಕ್ಕೆ ಮಾಡಿದ್ದು. ‘ಕೊಂಜಾಕು ಮೊನೊಗತಾರಿ’, ‘ಉಜಿ ಶೂಯಿ ಮೊನೊಗತಾರಿ’ ಎಂಬ ಎರಡು ಹಳೆಯ ಕಥಾಸಂಗ್ರಹಗಳಲ್ಲಿ ತದಆಕಿರಾ ಎಂಬ ತರುಣನ ಪ್ರಸಂಗ ಬರುತ್ತದೆ. ಕಿಯೋಮಿಜುವಿನಲ್ಲಿ ಕ್ಯೋಟೊದ ಪುಂಡ ಹುಡುಗರೊಂದಿಗೆ ಅವನಿಗೆ ಜಗಳವಾಗುತ್ತದೆ. ಅವರು ಕತ್ತಿ ಹಿರಿದು ಸುತ್ತುಗಟ್ಟುತ್ತಾರೆ. ತಪ್ಪಿಸಿಕೊಂಡು ಗುಡಿಯ ಕಡೆ ಓಡಿದರೆ ಅಲ್ಲೂ ದಾರಿಯಿಲ್ಲ. ಆಗ ಅವನು ಗುಡಿಯ ಜಾಲರಿ ಬಾಗಿಲೊಂದನ್ನು ಕಂಕುಳಲ್ಲಿ ಅವುಚಿಕೊಂಡು ಕಣಿವೆಗೆ ಹಾರಿಬಿಡುತ್ತಾನೆ. ಬಾಗಿಲಿಗೆ ಗಾಳಿ ತುಂಬುತ್ತದೆ. ಹಕ್ಕಿ ಬಂದು ಕೂತಂತೆ ಅವನು ಮೆಲ್ಲಗೆ ನೆಲಕ್ಕೆ ಇಳಿಯುತ್ತಾನೆ. ಮೇಲೆ ನಿಂತ ಹುಡುಗರು ಬಾಯಿ ಬಿಟ್ಟುಕೊಂಡು ಬಗ್ಗಿ ನೋಡುತ್ತಾರೆ.

ಶತಮಾನಗಳು ಕಳೆದವು. ತೊಕುಗಾವಾ ಮನೆತನದವರು ಎದೊ ನಗರದಿಂದ ದೇಶವನ್ನು ಆಳಿದ ಕಾಲಕ್ಕೆ, ಕಿಯೋಮಿಜುವಿನ ಹಾರಾಟ ಹರಕೆಯಾಗಿಬಿಟ್ಟಿತ್ತು. ಕನ್ನೊನ್‌ಗೆ ಜೀವವನ್ನೇ ಒಪ್ಪಿಸಿ ಹಾರಿದರೆ ಜೀವ ಉಳಿಯುತ್ತದೆ, ಬೇಡಿದ್ದು ಕೈಗೂಡುತ್ತದೆ. ಒಂದು ವೇಳೆ ಸತ್ತರೂ ಸದ್ಗತಿ ತಪ್ಪುವುದಿಲ್ಲ. ಜನರ ನಂಬಿಕೆ ಹೀಗಿತ್ತು. ಸಾಯಲೆಂದು ಅಲ್ಲ, ಬದುಕಿಗೆ ಬೇಕಾದದ್ದನ್ನು ಬೇಡಲೆಂದು ಅವರು ಹಾರಿದರು.

ಇದು ಬರಿಯ ದಂತಕಥೆಯೆಂದು ತಳ್ಳಿಹಾಕುವಂತಿಲ್ಲ. ದೇವಾಲಯದ ಆಡಳಿತ ನೋಡಿಕೊಳ್ಳುತ್ತಿದ್ದ ಜೋಜುಇನ್ ಎಂಬ ಉಪಮಠದಲ್ಲಿ ದಿನಚರಿ ಬರೆದಿಡುವ ಪದ್ಧತಿಯಿತ್ತು. ‘ಜೋಜು’ ಎಂದರೆ ಕೈಗೂಡುವುದು. ಕೈಗೂಡುವಿಕೆಯ ಹೆಸರು ಹೊತ್ತ ಆ ಮಠದ ದಿನಚರಿಯಲ್ಲೇ ಹಾರಿದವರ ಲೆಕ್ಕವಿದೆ. 1694ರಿಂದ 1864ರವರೆಗಿನ ದಿನಚರಿಗಳಲ್ಲಿ ನಡುನಡುವೆ ಕಳೆದುಹೋದವನ್ನು ಬಿಟ್ಟು ಉಳಿದಿರುವುದು 148 ವರ್ಷಗಳದು. ಅವುಗಳಲ್ಲಿ, ತಡೆದು ನಿಲ್ಲಿಸಿದವೂ ಸೇರಿ, 234 ಪ್ರಸಂಗಗಳು ದಾಖಲಾಗಿವೆ. ಸುಮಾರು ಮೂರು ವರ್ಷಕ್ಕೆ ಐದರಂತೆ ಜನ ಈ ಕಟಾಂಜನ ದಾಟಲು ಹೊರಟಿದ್ದಾರೆ ಎಂದಾಯಿತು. ಸತ್ತವರು 34 ಮಂದಿ. ನೂರಕ್ಕೆ 85 ಮಂದಿ ಉಳಿದುಕೊಂಡರು. ಆಗ ಕೆಳಗಿನ ಮಣ್ಣು ಮೆತ್ತಗಿತ್ತು, ಮರಗಳು ಒತ್ತಾಗಿ ಬೆಳೆದಿದ್ದವು ಎಂದು ಇದಕ್ಕೆ ಕಾರಣ ಹೇಳುತ್ತಾರೆ. ಉಳಿದವರು ಮಾತ್ರ ಕಾರಣವನ್ನು ಮಣ್ಣಿನಲ್ಲಿ ಹುಡುಕಿರಲಾರರು.

ಯಾರು ಇವರು? ಹೆಚ್ಚಿನವರು ಎಳೆಯರು. ಇಪ್ಪತ್ತರ ಒಳಗಿನವರು, ಇಪ್ಪತ್ತು ದಾಟಿದವರು. ಎಲ್ಲರಿಗಿಂತ ಚಿಕ್ಕವರಿಗೆ 12 ವರ್ಷ, ಎಲ್ಲರಿಗಿಂತ ಹಿರಿಯರು 80 ದಾಟಿದವರು. ಎಳೆಯ ಮೈ ಬಿದ್ದರೂ ತಾಳಿಕೊಂಡಿತು, ಮುದಿ ಮೈ ತಾಳಲಿಲ್ಲ. ಗಂಡಸರು ಹೆಚ್ಚು, ಆದರೆ ಹತ್ತರಲ್ಲಿ ಮೂವರು ಹೆಂಗಸರು. ಬಹುಪಾಲು ಕ್ಯೋಟೊದವರೇ, ದೂರದ ಸೀಮೆಗಳಿಂದ ನಡೆದು ಬಂದವರೂ ಇದ್ದರು. ದೊಡ್ಡ ಮನೆಯವರಲ್ಲ, ಪೇಟೆಯ ಸಾಮಾನ್ಯರು, ಇನ್ನೊಬ್ಬರ ಮನೆಯಲ್ಲಿ ದುಡಿಯುವ ಆಳುಗಳು. ಅವರು ಬೇಡಿದ್ದೂ ದೊಡ್ಡದನ್ನಲ್ಲ. ನನ್ನ ಕಾಯಿಲೆ ವಾಸಿಯಾಗಲಿ ಎಂದರು. ತಾಯಿಯ ಕಣ್ಣು ಸರಿಹೋಗಲಿ ಎಂದರು. ಧಣಿಯ ಮನೆಯಿಂದ ನನಗೆ ಬಿಡುಗಡೆ ಸಿಗಲಿ ಎಂದರು.

ಆ ಒಂದು ಬೇಡಿಕೆಯ ಎದುರು ಸ್ವಲ್ಪ ಹೊತ್ತು ನಿಲ್ಲಬೇಕು. ಹದಿನಾರೋ ಹದಿನೇಳೋ ವರ್ಷದ ಒಬ್ಬ ಹುಡುಗಿಯನ್ನು ನೆನೆದುಕೊಳ್ಳೋಣ. ಹಳ್ಳಿಯಿಂದ ಬಂದು ಪೇಟೆಯ ಒಂದು ಮನೆಯಲ್ಲಿ ಪಾತ್ರೆ ಬೆಳಗುತ್ತಾಳೆ, ನೀರು ಹೊರುತ್ತಾಳೆ, ಧಣಿಯ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ತೂಗುತ್ತಾಳೆ. ಊರಿನಲ್ಲಿ ತಾಯಿಗೆ ಕಣ್ಣು ಮಂಜಾಗಿದೆ. ವೈದ್ಯರಿಗೆ ಕೊಡಲು ಹಣವಿಲ್ಲ, ಊರಿಗೆ ಹೋಗಲು ರಜೆಯಿಲ್ಲ, ಕೇಳಲು ನೆಂಟರಿಲ್ಲ. ಅವಳ ಕೈಯಲ್ಲಿರುವುದು ಒಂದೇ ಒಂದು ಆಸ್ತಿ, ಅವಳ ಜೀವ. ಅದನ್ನೇ ಅವಳು ಒಂದು ಬೆಳಿಗ್ಗೆ ಬೆಟ್ಟ ಹತ್ತಿ ಕನ್ನೊನ್‌ನ ಎದುರು ಅಡವಿಡುತ್ತಾಳೆ. ಒಳಗೆ ಕತ್ತಲೆಯಲ್ಲಿ ಕೈಮುಗಿಯುತ್ತಾಳೆ. ಹೊರಗೆ ಬಂದು ಕಟಾಂಜನದ ಬಳಿ ನಿಲ್ಲುತ್ತಾಳೆ. ಅವಳ ಬೆನ್ನ ಹಿಂದೆ ಸಾವಿರ ಕೈಗಳ ದೇವತೆ, ಮುಂದೆ ಗಾಳಿ. ಸಾವಿರದಲ್ಲಿ ಒಂದು ಕೈ ತನ್ನನ್ನು ಹಿಡಿದೇ ಹಿಡಿಯುತ್ತದೆ ಎಂಬುದೊಂದೇ ಅವಳ ಬಲ. ಈ ಹುಡುಗಿ ನನ್ನ ಕಲ್ಪನೆಯವಳು. ಆದರೆ ಅವಳಂಥವರು ಆ ದಿನಚರಿಯ ಪುಟಗಳಲ್ಲಿ ನಿಜವಾಗಿ ಇದ್ದಾರೆ.

ಹಾರುವವರ ಸುದ್ದಿ ಕ್ಯೋಟೊ ದಾಟಿ ನಾಡಿಗೆಲ್ಲ ಹಬ್ಬಿತು. 1765ರ ಸುಮಾರಿಗೆ ಸುಜುಕಿ ಹರುನೊಬು ಎಂಬ ಚಿತ್ರಕಾರ ಮರದಚ್ಚಿನ ಬಣ್ಣದ ಚಿತ್ರವೊಂದರಲ್ಲಿ ಇದನ್ನೇ ಮೂಡಿಸಿದ. ಎಳೆ ಹುಡುಗಿಯೊಬ್ಬಳು ಬಿಚ್ಚಿದ ಕೊಡೆ ಹಿಡಿದು ರಂಗದಿಂದ ಹಾರಿದ್ದಾಳೆ. ಕಿಮೋನೊದ ಅಂಚು ಗಾಳಿಗೆ ಅಲೆಯಲೆಯಾಗಿ ತೆರೆದಿದೆ. ಅವಳು ಬೀಳುತ್ತಿದ್ದಾಳೆ ಎನಿಸುವುದಿಲ್ಲ, ತೇಲುತ್ತಿದ್ದಾಳೆ ಎನಿಸುತ್ತದೆ. 19ನೇ ಶತಮಾನದ ಆರಂಭದಲ್ಲಿ ಜಿಪ್ಪೆನ್ಶಾ ಇಕ್ಕು ಬರೆದು ಮನೆಮಾತಾದ ಪ್ರವಾಸದ ಹಾಸ್ಯಕಥೆ ‘ತೊಕೈದೊಚೂ ಹಿಜಾಕುರಿಗೆ’ಯ ಇಬ್ಬರು ಗೆಳೆಯರೂ ಅಲೆಯುತ್ತ ಈ ರಂಗಕ್ಕೆ ಬಂದು, ಇಲ್ಲಿಂದ ಹಾರುವವರ ಬಗ್ಗೆ ಮಾತು ತೆಗೆಯುತ್ತಾರೆ. ಕಾಲಿನಿಂದ ಬೆಟ್ಟ ಹತ್ತದವರ ನಾಲಿಗೆಗೂ ಆ ಹೊತ್ತಿಗೆ ಕಿಯೋಮಿಜುವಿನ ರಂಗ ಬಂದಿತ್ತು.

ಕಾಲ ಬದಲಾಯಿತು. ಶೋಗನ್ನರ ಆಳ್ವಿಕೆ ಮುಗಿದು ಮೇಜಿ ಚಕ್ರವರ್ತಿಯ ಸರ್ಕಾರ ಬಂತು. 1872ರಲ್ಲಿ ಕ್ಯೋಟೊ ಆಡಳಿತ ಈ ಹಾರಾಟವನ್ನು ನಿಷೇಧಿಸಿತು. ರಂಗದ ಸುತ್ತ ಬಿದಿರಿನ ಬೇಲಿ ಎದ್ದಿತು. ಹರಕೆ ನಿಂತಿತು. ನಿಲ್ಲಬೇಕಾದದ್ದೇ ಅದು. ನೂರರಲ್ಲಿ 85 ಜೀವ ಉಳಿದರೂ, ಹೋದ ಒಂದೊಂದೂ ಯಾರದೋ ಮನೆಯ ಮಗು. ಜಿಂಕೆಯ ಜೀವಕ್ಕೂ ಮರುಗಿದ ಭಿಕ್ಷು ಕಟ್ಟಿದ ಗುಡಿ ಇದು. ಅವನು ಇದ್ದಿದ್ದರೆ ಆ ಬೇಲಿಯ ಮೊದಲ ಬಿದಿರನ್ನು ತಾನೇ ನೆಡುತ್ತಿದ್ದ ಎಂದು ನನ್ನ ನಂಬಿಕೆ.

ಬೇಲಿ ಕಾಲನ್ನು ತಡೆಯಿತು, ಮಾತನ್ನು ತಡೆಯಲಿಲ್ಲ. ಹಾರುವುದು ನಿಂತ ಮೇಲೂ ‘ಹಾರಿದೆ ಅಂದುಕೊಂಡು’ ಎನ್ನುವುದು ಉಳಿಯಿತು. ಆ ‘ಅಂದುಕೊಂಡು’ವಿಗೆ ಜಪಾನಿಯರು ‘ತ್ಸುಮೊರಿ ದೆ’ ಎನ್ನುತ್ತಾರೆ. ಬಹಳ ಸೌಮ್ಯವಾದ ಮಾತು ಅದು. ಮೈ ಇದ್ದಲ್ಲೇ ಇರುತ್ತದೆ, ಮನಸ್ಸು ಮಾತ್ರ ಅಂಚು ದಾಟುತ್ತದೆ.

ಇದಕ್ಕೆ ಕನ್ನಡದಲ್ಲಿ ಏನನ್ನಬಹುದು ಎಂದು ಯೋಚಿಸಿದರೆ ‘ಎದೆ ಗಟ್ಟಿ ಮಾಡಿಕೊಂಡು’ ಎಂಬುದು ಮೊದಲು ನಾಲಿಗೆಗೆ ಬರುತ್ತದೆ. ಇಂದಿನ ಬಳಕೆಗೆ ಅದು ಸರಿಯಾಗಿ ಒಪ್ಪುತ್ತದೆ. ಉಂಗುರ ಕೊಳ್ಳುವುದಕ್ಕೆ, ಸಾಲ ಮಾಡುವುದಕ್ಕೆ ಅಷ್ಟು ಸಾಕು. ಆದರೆ ನಮ್ಮ ಮನೆಗಳಲ್ಲಿ ಇನ್ನೊಂದು ಮಾತಿದೆ. ಮಗಳನ್ನು ದೂರದ ಊರಿಗೆ ಕೊಡುವಾಗ, ಮನೆಯವರನ್ನು ಶಸ್ತ್ರಚಿಕಿತ್ಸೆಗೆ ಒಳಗೆ ಕಳಿಸುವಾಗ, ಮೋಡ ಕಾಣದ ಆಕಾಶದ ಕೆಳಗೆ ಬೀಜ ಬಿತ್ತುವಾಗ ನಾವು ಹೇಳುವ ಮಾತು: ‘ದೇವರ ಮೇಲೆ ಭಾರ ಹಾಕಿದ್ದೇನೆ.’ ಕಿಯೋಮಿಜುವಿನ ಮಾತಿನ ಬೇರಿಗೆ ಹತ್ತಿರವಾದದ್ದು ಇದು. ಎದೆ ಗಟ್ಟಿ ಮಾಡಿಕೊಳ್ಳುವವನು ತನ್ನ ಬಲವನ್ನು ನೆಚ್ಚುತ್ತಾನೆ. ಭಾರ ಹಾಕುವವನಿಗೆ ತನ್ನ ಬಲ ಮುಗಿದಿದೆ ಎಂಬುದು ಗೊತ್ತು. 13 ಮೀಟರ್ ಎತ್ತರದ ಅಂಚಿನಲ್ಲಿ ನಿಂತವರು ತಮ್ಮ ಮೈಯ ಭಾರವನ್ನೇ ಅಕ್ಷರಶಃ ದೇವರ ಮೇಲೆ ಹಾಕಿದರು. ಧೈರ್ಯಶಾಲಿಗಳ ಹೊಗಳಿಕೆಯಂತೆ ಈಗ ಕೇಳಿಸುವ ಈ ನುಡಿಗಟ್ಟು, ಮೊದಲಿಗೆ ಬೇರೆ ದಾರಿಯೇ ಇಲ್ಲದವರ ಪ್ರಾರ್ಥನೆಯಾಗಿತ್ತು.

ಮಧ್ಯಾಹ್ನದ ಹೊತ್ತಿಗೆ ರಂಗ ಜನರಿಂದ ತುಂಬುತ್ತದೆ. ಶಾಲೆಯ ಮಕ್ಕಳು ಸಮವಸ್ತ್ರದಲ್ಲಿ ಸಾಲಾಗಿ ಬಂದು ಕಟಾಂಜನಕ್ಕೆ ಆತು ಕೆಳಗೆ ಇಣುಕುತ್ತಾರೆ. ಯಾರಾದರೊಬ್ಬ ಗೆಳೆಯನ ಬೆನ್ನು ಹಿಡಿದು ಹೆದರಿಸುತ್ತಾನೆ, ಉಳಿದವರು ಕಿರುಚಿ ನಗುತ್ತಾರೆ. ಪ್ರತಿ ಡಿಸೆಂಬರ್‌ನಲ್ಲಿ ಇದೇ ರಂಗದ ಮೇಲೆ ದೊಡ್ಡ ಕಾಗದ ನಿಲ್ಲಿಸಿ, ಆ ವರ್ಷವನ್ನು ಬಣ್ಣಿಸಲು ನಾಡಿನ ಜನ ಆರಿಸಿದ ಒಂದು ಅಕ್ಷರವನ್ನು ದೇವಾಲಯದ ಹಿರಿಯ ಗುರುಗಳು ದಪ್ಪ ಕುಂಚದಲ್ಲಿ ಬರೆಯುತ್ತಾರೆ. 1995ರಲ್ಲಿ ಇದು ಶುರುವಾದಾಗ ಬರೆದ ಮೊದಲ ಅಕ್ಷರ ‘ನಡುಕ’. ಕೋಬೆ ಭೂಕಂಪವಾದ ವರ್ಷ ಅದು. ಜನರ ಮೊರೆ ಕನ್ನೊನ್‌ನ ಎದುರು ಬರುವ ದಾರಿ ಬದಲಾಗಿದೆ. ಒಂದು ಕಾಲಕ್ಕೆ ಅದು ಹಾರಿ ಬರುತ್ತಿತ್ತು, ಈಗ ಮಸಿಯಲ್ಲಿ ಅದ್ದಿ ಬರುತ್ತದೆ.

ಸಂಜೆಗೆ ಪಕ್ಕದ ಒಕುನೊಇನ್ ಮಂದಿರದ ಜಗುಲಿಯಲ್ಲಿ ನಿಂತರೆ ಇಡೀ ರಂಗ ಒಂದೇ ನೋಟಕ್ಕೆ ಸಿಗುತ್ತದೆ. ಮೇಲೆ ಸೈಪ್ರಸ್ ತೊಗಟೆಯ ಮಂದವಾದ ಚಾವಣಿ ದೊಡ್ಡ ಹಕ್ಕಿಯ ರೆಕ್ಕೆಯಂತೆ ಬಾಗಿದೆ. 2017ರಿಂದ 2020ರವರೆಗೆ ಕುಶಲಕರ್ಮಿಗಳು ಹಳೆಯ ತೊಗಟೆ ತೆಗೆದು ಹೊಸದನ್ನು ಹೊದಿಸಿದರು, ಸವೆದ ಹಲಗೆಗಳನ್ನೂ ಬದಲಿಸಿದರು. ಕಂಬಗಳು ಹಳೆಯವೇ. ಅವೂ ಒಂದು ದಿನ ಸೋಲುತ್ತವೆ. ಆ ದಿನಕ್ಕೆಂದು ದೇವಾಲಯ ಈಗಲೇ ಬೆಟ್ಟಗಳಲ್ಲಿ ಕೆಯಾಕಿ ಸಸಿ ನೆಡಿಸಿದೆ. ನೆಟ್ಟವರಲ್ಲಿ ಯಾರೂ ಆ ಮರ ಕಂಬವಾಗುವುದನ್ನು ನೋಡುವುದಿಲ್ಲ. ಕಾಣದ ನಾಳೆಗೆ ತಮ್ಮ ದುಡಿಮೆಯನ್ನು ಒಪ್ಪಿಸಿ ಅವರು ಬೆಟ್ಟ ಇಳಿದಿದ್ದಾರೆ. ಅದೂ ಒಂದು ಬಗೆಯಲ್ಲಿ ಭಾರ ಹಾಕುವುದೇ, ಯಾರ ಪ್ರಾಣವನ್ನೂ ಕೇಳದ ಬಗೆ.

ಬಿಸಿಲು ಇಳಿದು ಕಂಬಗಳ ನಡುವೆ ನೆರಳು ತುಂಬುತ್ತದೆ. ಕೆಳಗೆ ಒತೊವಾ ಧಾರೆಯ ಸದ್ದು ಈಗ ಸ್ಪಷ್ಟ. ಯಾವ ದಿನಚರಿಯನ್ನೂ ಓದದ, ಯಾವ ಬೆಟ್ಟವನ್ನೂ ಹತ್ತದ ಎಷ್ಟೋ ಜನ ಇದೇ ಹೊತ್ತಿನಲ್ಲಿ ಜಪಾನಿನ ಯಾವುದೋ ಊರಿನಲ್ಲಿ ಆ ಮಾತನ್ನು ಆಡುತ್ತಿರಬಹುದು. ನುಡಿಗಟ್ಟುಗಳು ಹೀಗೆಯೇ ಉಳಿಯುತ್ತವೆ. ಹೆಸರಿಲ್ಲದವರ ಕಷ್ಟವನ್ನು ನಾಲ್ಕು ಪದದಲ್ಲಿ ಕಟ್ಟಿಟ್ಟುಕೊಂಡು, ಆ ಕಷ್ಟ ಕಾಣದವರ ಬಾಯಲ್ಲೂ ಬಾಳುತ್ತವೆ. ನಮ್ಮ ನಾಲಿಗೆಯ ಮೇಲೂ ಅಂಥ ಮಾತುಗಳು ನೂರಾರಿವೆ. ಮುಂದಿನ ಸಲ ‘ದೇವರ ಮೇಲೆ ಭಾರ ಹಾಕಿದ್ದೇನೆ’ ಎನ್ನುವಾಗ ಒಂದು ಗಳಿಗೆ ತಡೆದು, ಆ ಮಾತನ್ನು ಮೊದಲು ಆಡಿದವರ ಹೆಗಲ ಮೇಲೆ ಎಷ್ಟು ಭಾರವಿದ್ದಿರಬೇಕು ಎಂದು ನೆನೆಯಿರಿ.